ರೆಡಿಮೇಡ್ ಗೇಮಿಂಗ್ ಪಿಸಿ ಕೊಳ್ಳಬೇಕೋ, ಅಸೆಂಬಲ್ ಮಾಡಿಸಬೇಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ಆಯ್ಕೆ ಇರುವುದು ಎರಡೇನಾ?

ಅಲ್ಲ, ಮೂರು. ಒಂದು, ಎಚ್‌ಪಿ, ಡೆಲ್, ಲೆನೊವೊ, ಏಸಸ್‌ನಂಥ ಕಂಪನಿಗಳು ಕಾರ್ಖಾನೆಯಲ್ಲೇ ಜೋಡಿಸಿ ಕಳಿಸುವ ಟವರ್. ಎರಡು, ಅಂಗಡಿಯವರೋ ಆನ್‌ಲೈನ್ ಮಾರಾಟಗಾರರೋ ಬಿಡಿ ಪಾರ್ಟ್ಸ್ ತಂದು ಮೊದಲೇ ಜೋಡಿಸಿಟ್ಟ ಸೆಟ್. ಮೂರು, ಪ್ರತಿ ಪಾರ್ಟನ್ನೂ ನೀವೇ ಆರಿಸಿ, ಮನೆಯಲ್ಲೋ ಅಂಗಡಿಯಲ್ಲೋ ಜೋಡಿಸಿಕೊಳ್ಳುವುದು. ಹೆಚ್ಚು ಜನ ಮೋಸ ಹೋಗುವುದು ಎರಡನೆಯದರಲ್ಲಿ. ನೋಡಲು ಕಂಪನಿ ಟವರ್‌ನಂತೆಯೇ ಇರುತ್ತದೆ, ಆದರೆ ಕಂಪನಿಯ ವಾರಂಟಿಯೂ ಇರುವುದಿಲ್ಲ, ಒಳಗೆ ಏನಿದೆ ಎಂಬ ಪೂರ್ತಿ ಪಟ್ಟಿಯೂ ಸಿಗುವುದಿಲ್ಲ.

ಮೂರಕ್ಕೂ ಸಲ್ಲುವ ಅಳತೆಗೋಲು ಒಂದೇ: ಡಬ್ಬದೊಳಗಿನ ಪ್ರತಿ ಪಾರ್ಟ್‌ನ ಮಾಡೆಲ್ ಹೆಸರು ದುಡ್ಡು ಕೊಡುವ ಮೊದಲೇ ನಿಮಗೆ ಗೊತ್ತಿರಬೇಕು. ಗೊತ್ತಿದ್ದರೆ ರೆಡಿಮೇಡ್ ಕೊಂಡರೂ ನಷ್ಟವಿಲ್ಲ. ಗೊತ್ತಿಲ್ಲದಿದ್ದರೆ ಅಸೆಂಬಲ್ ಮಾಡಿಸಿದರೂ ಲಾಭವಿಲ್ಲ.

ಯಾವುದು ಅಗ್ಗ?

ಸಾಮಾನ್ಯ ದಿನಗಳಲ್ಲಿ ಅಸೆಂಬಲ್ ಮಾಡಿಸಿದ್ದೇ. ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಮೂಡಿಸುವ ಪಾರ್ಟ್), ಒಳ್ಳೆಯ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಹಂಚುವ ಡಬ್ಬ) ಬರುತ್ತದೆ. ಆದರೆ ಈ ಲೆಕ್ಕ ಯಾವಾಗಲೂ ನಿಲ್ಲುವುದಿಲ್ಲ. 2021ರಲ್ಲಿ ಗ್ರಾಫಿಕ್ಸ್ ಕಾರ್ಡ್ ಅಭಾವವಾದಾಗ, 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಒಮ್ಮೆಲೇ ಏರಿದಾಗ ಲೆಕ್ಕ ತಲೆಕೆಳಗಾಯಿತು. ಕಂಪನಿಗಳು ಮೊದಲೇ ಸಗಟಾಗಿ ಕೊಂಡಿಟ್ಟ ರ‍್ಯಾಮ್ ಹಾಕಿದ ಟವರ್‌ಗಳು ಹಳೆಯ ಬೆಲೆಗೇ ಸಿಗುವಾಗ, ಬಿಡಿಯಾಗಿ ಕೊಳ್ಳುವವರು ಕೈ ಸುಟ್ಟುಕೊಳ್ಳುತ್ತಾರೆ.

ಆದ್ದರಿಂದ ಊಹೆ ಬೇಡ, ಕೂಡಿ ನೋಡಿ. ರೆಡಿಮೇಡ್ ಟವರ್‌ನ ಪಾರ್ಟ್ಸ್ ಪಟ್ಟಿ ಬರೆದುಕೊಳ್ಳಿ. ಅವನ್ನೇ ಬಿಡಿಯಾಗಿ ಕೊಂಡರೆ ಎಷ್ಟು ಎಂದು ಕನಿಷ್ಠ ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಓಡಾಡಿದರೆ ಈ ಕೆಲಸ ಮುಗಿಯುತ್ತದೆ. ಮಿಕ್ಕವರು ಆನ್‌ಲೈನ್ ಅಂಗಡಿಗಳಲ್ಲಿ ನೋಡಬಹುದು. ಹೋಲಿಸುವಾಗ 18% ಜಿಎಸ್‌ಟಿ ಸೇರಿದ ಬೆಲೆಯನ್ನೇ ಹೋಲಿಸಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎನ್ನುವ ದರಕ್ಕೆ ವಾರಂಟಿಯ ಬೆಲೆ ಸೇರಿಲ್ಲ. ಅಸೆಂಬಲ್ಡ್ ಕಡೆಗೆ ವಿಂಡೋಸ್ ಲೈಸೆನ್ಸ್ ಮತ್ತು ಜೋಡಿಸುವ ಕೂಲಿಯನ್ನೂ ಸೇರಿಸಿ. ಇಷ್ಟಾದ ಮೇಲೆ ವ್ಯತ್ಯಾಸ ನೂರಕ್ಕೆ ಹತ್ತರೊಳಗಿದ್ದರೆ ದರವನ್ನು ಬದಿಗಿಟ್ಟು, ವಾರಂಟಿ ಮತ್ತು ಮುಂದಿನ ಅಪ್‌ಗ್ರೇಡ್ ನೋಡಿ ತೀರ್ಮಾನಿಸಿ.

ಆನ್‌ಲೈನ್‌ನಲ್ಲಿ "ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್" ಪಿಸಿ ತುಂಬಾ ಕಡಿಮೆಗೆ ಸಿಗುತ್ತಿದೆ. ಕೊಳ್ಳಬಹುದೇ?

ಬೇಡ. ಇಂಥ ಜಾಹೀರಾತಿನಲ್ಲಿ ಪ್ರತಿ ಪದವೂ ನಿಜ, ಆದರೆ ಬೇಕಾದ್ದನ್ನೇ ಬಿಟ್ಟಿರುತ್ತಾರೆ. "ಐ7" ಎಂದರೆ ಎಷ್ಟೋ ಸಲ 2012ರ ಐ7-3770, ಇಲ್ಲವೇ ಅದಕ್ಕೂ ಹಿಂದಿನ ಐ7-2600. ಯಾವುದೋ ಆಫೀಸಿನ ಹಳೆಯ ಯಂತ್ರದಿಂದ ಕಳಚಿದ್ದು. ಅದು ಕೂರುವುದು ಹೆಸರಿಲ್ಲದ ಎಚ್61 ಮದರ್‌ಬೋರ್ಡಿನ (ಎಲ್ಲ ಪಾರ್ಟ್ಸ್ ಕೂರುವ ತಳಹಲಗೆ) ಮೇಲೆ. ರ‍್ಯಾಮ್ ಹಳೆಯ ಡಿಡಿಆರ್3 ಬಗೆಯದು. "4 ಜಿಬಿ ಗ್ರಾಫಿಕ್ಸ್" ಎಂದರೆ 2014ರ ಜಿಟಿ 730. ಆ ಕಾರ್ಡಿನ ಮೆಮೊರಿ 4 ಜಿಬಿ ಇದ್ದರೂ ಅದರ ವೇಗ, ಅದರ ಚಿಪ್ಪಿನ ಶಕ್ತಿ ಇಂದಿನ ಗೇಮ್‌ಗಳಿಗೆ ಏನೇನೂ ಸಾಲದು.

ಇದು ಬರೀ ನಿಧಾನದ ಪ್ರಶ್ನೆಯಲ್ಲ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್‌ಗಳಿಗೆ ಮಾತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಾಲರಂಟ್ ಎಂಬ ಗೇಮ್ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಪಿಸಿ ಶುರುವಾಗಲು ಬಿಡುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ. ಆ ಬೋರ್ಡಿನಲ್ಲಿ ಟಿಪಿಎಂ 2.0 ಇರುವುದಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಮಗುವಿಗೊಂದು ಗೇಮಿಂಗ್ ಪಿಸಿ ಎಂದು ತಂದುಕೊಟ್ಟ ಮೇಲೆ ಬೇಕಾದ ಗೇಮೇ ತೆರೆಯದಿದ್ದರೆ ಅದು ದೊಡ್ಡ ಅನ್ಯಾಯ.

ರೆಡಿಮೇಡ್ ಸೆಟ್ ಕೊಳ್ಳುವ ಮೊದಲು ಏನೇನು ಕೇಳಬೇಕು?

ಪ್ರೊಸೆಸರ್‌ನ ಪೂರ್ತಿ ಹೆಸರು, ಕೊನೆಯ ಅಕ್ಷರದ ಸಮೇತ. ಐ5-12400 ಬೇರೆ, ಐ5-12400ಎಫ್ ಬೇರೆ. "ಎಫ್" ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟ ದಿನ ಪರದೆಯೇ ಬರುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನ ಹೆಸರು ಮತ್ತು ಮೆಮೊರಿ. ಆರ್‌ಟಿಎಕ್ಸ್ 3050 ಎಂದರೆ ಸಾಲದು. 8 ಜಿಬಿಯದಕ್ಕೂ 6 ಜಿಬಿಯದಕ್ಕೂ ವ್ಯತ್ಯಾಸ ಮೆಮೊರಿಯಲ್ಲಿ ಮಾತ್ರವಲ್ಲ: ಮೊದಲನೆಯದರಲ್ಲಿ 2560 ಕೋರ್, ಎರಡನೆಯದರಲ್ಲಿ 2304, ಮೆಮೊರಿಯ ದಾರಿಯೂ ಕಿರಿದು. ಹೆಸರು ಒಂದೇ, ಕಾರ್ಡ್ ಬೇರೆ.

ರ‍್ಯಾಮ್ ಒಂದೇ ಕಡ್ಡಿಯೋ ಎರಡೋ? 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಗೇಮ್‌ಗೆ ಚೆನ್ನ, ಪ್ರೊಸೆಸರ್‌ಗೆ ಎರಡು ದಾರಿಯಿಂದ ಮಾಹಿತಿ ಬರುತ್ತದೆ. ಎಸ್‌ಎಸ್‌ಡಿ (ಫೈಲ್‌ಗಳನ್ನಿಡುವ ಡ್ರೈವ್) ವೇಗದ ಎನ್‌ವಿಎಂಇಯೋ ಅದಕ್ಕಿಂತ ನಿಧಾನದ ಸಾಟಾವೋ ಎಂದೂ ಕೇಳಿ.

ಕೊನೆಯದಾಗಿ, ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಎರಡರ ಕಂಪನಿ ಮತ್ತು ಮಾಡೆಲ್. ಮಾರುವವರು ಉಳಿತಾಯ ಮಾಡುವುದು ಇವೆರಡರಲ್ಲೇ, ಏಕೆಂದರೆ ಕೊಳ್ಳುವವರು ಇವನ್ನು ಕೇಳುವುದಿಲ್ಲ. "500 ವ್ಯಾಟ್ ಗೇಮಿಂಗ್ ಎಸ್‌ಎಂಪಿಎಸ್" ಎಂಬಷ್ಟೇ ಉತ್ತರ ಬಂದರೆ ಆ ಸೆಟ್ ಬಿಟ್ಟುಬಿಡಿ.

ಕಂಪನಿ ಟವರ್ ಕೊಂಡರೆ ಮುಂದೆ ಅಪ್‌ಗ್ರೇಡ್ ಆಗುತ್ತದೆಯೇ?

ರ‍್ಯಾಮ್, ಎಸ್‌ಎಸ್‌ಡಿ ಬಹುತೇಕ ಎಲ್ಲದರಲ್ಲೂ ಆಗುತ್ತದೆ. ತೊಡಕು ಗ್ರಾಫಿಕ್ಸ್ ಕಾರ್ಡಿನಲ್ಲಿ. ಕೆಲವು ಕಂಪನಿ ಟವರ್‌ಗಳಲ್ಲಿ ಬೋರ್ಡಿನ ಆಕಾರ, ಎಸ್‌ಎಂಪಿಎಸ್‌ನ ಅಳತೆ, ಅದರ ಕನೆಕ್ಟರ್ ಎಲ್ಲವೂ ಆ ಕಂಪನಿಯವೇ. ಹೊಸ ಕಾರ್ಡಿಗೆ ಹೆಚ್ಚು ವ್ಯಾಟ್ ಬೇಕು, ಹೆಚ್ಚು ವ್ಯಾಟ್‌ನ ಎಸ್‌ಎಂಪಿಎಸ್ ಅಂಗಡಿಯಿಂದ ತಂದರೆ ಅದು ಬೋರ್ಡಿಗೆ ಕೂರುವುದಿಲ್ಲ. ಹೊಸ ಬೋರ್ಡ್ ತಂದರೆ ಅದು ಕ್ಯಾಬಿನೆಟ್‌ಗೆ ಕೂರುವುದಿಲ್ಲ. ಹೀಗೆ ಒಂದು ಕಾರ್ಡಿಗಾಗಿ ಇಡೀ ಪಿಸಿ ಬದಲಿಸುವ ಪರಿಸ್ಥಿತಿ ಬರುತ್ತದೆ.

ಕೊಳ್ಳುವ ಮೊದಲು ಟವರ್‌ನ ಒಳಭಾಗದ ಫೋಟೊ ನೋಡಿ. ಬೋರ್ಡಿನ ಬಲ ಅಂಚಿನಲ್ಲಿ 24 ಪಿನ್‌ನ ಅಗಲ ಕನೆಕ್ಟರ್ ಇದ್ದರೆ ಒಳ್ಳೆಯ ಲಕ್ಷಣ. 10 ಪಿನ್‌ನದೋ ಇನ್ನೂ ಚಿಕ್ಕದೋ ಇದ್ದರೆ ಸಾಮಾನ್ಯ ಎಸ್‌ಎಂಪಿಎಸ್ ಅದಕ್ಕೆ ಬರುವುದಿಲ್ಲ. ಕಾರ್ಡಿಗೆ ಎಷ್ಟು ಉದ್ದ ಜಾಗವಿದೆ ಎಂದು ಅಳತೆ ಕೇಳಿ. ಎರಡು ಮೂರು ಫ್ಯಾನಿನ ಕಾರ್ಡ್‌ಗಳು ಸಾಮಾನ್ಯವಾಗಿ 200ರಿಂದ 330 ಮಿ.ಮೀ. ಇರುತ್ತವೆ.

ವಾರಂಟಿಯಲ್ಲಿ ಯಾವುದು ಮೇಲು?

ಅನುಕೂಲದಲ್ಲಿ ಕಂಪನಿ ಟವರ್, ಅವಧಿಯಲ್ಲಿ ಅಸೆಂಬಲ್ಡ್. ಕಂಪನಿ ಟವರ್‌ಗೆ ಸಾಮಾನ್ಯವಾಗಿ ಒಂದು ವರ್ಷ, ದುಡ್ಡು ಕೊಟ್ಟರೆ ಮೂರು. ಆನ್‌ಸೈಟ್ ಇದ್ದರೆ ಮನೆಗೇ ಬಂದು ನೋಡುತ್ತಾರೆ. ಯಾವ ಪಾರ್ಟ್ ಕೆಟ್ಟಿದೆ ಎಂದು ನೀವು ಹುಡುಕಬೇಕಿಲ್ಲ. ಸಿರ್ಸಿ, ಕೊಪ್ಪಳದಂಥ ಊರಿನಲ್ಲಿ ಇರುವವರಿಗೆ ಇದು ಸಣ್ಣ ಮಾತಲ್ಲ. ಆದರೆ ನಿಮ್ಮ ಪಿನ್‌ಕೋಡ್‌ಗೆ ಆನ್‌ಸೈಟ್ ಸೇವೆ ಇದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಅಸೆಂಬಲ್ಡ್ ಪಿಸಿಯಲ್ಲಿ ಪ್ರತಿ ಪಾರ್ಟ್‌ಗೂ ಅದರದೇ ವಾರಂಟಿ: ಬಾಕ್ಸ್ ಪ್ರೊಸೆಸರ್, ಬೋರ್ಡ್, ಗ್ರಾಫಿಕ್ಸ್ ಕಾರ್ಡ್‌ಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯ ಎಸ್‌ಎಂಪಿಎಸ್‌ಗೆ ಐದರಿಂದ ಹತ್ತು, ಎಸ್‌ಎಸ್‌ಡಿಗೆ ಮೂರೋ ಐದೋ. ಕೆಟ್ಟದ್ದು ಯಾವುದೆಂದು ನೀವು ಪತ್ತೆ ಮಾಡಿ ಆ ಸರ್ವಿಸ್ ಸೆಂಟರ್‌ಗೆ ಒಯ್ಯಬೇಕು. ಬಿಲ್‌ನಲ್ಲಿ ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. "ಕಂಪ್ಯೂಟರ್ ಸೆಟ್ – 1" ಎಂಬ ಒಂದೇ ಸಾಲಿನ ಬಿಲ್ ಮೂರನೇ ವರ್ಷದಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ. ಟ್ರೇ ಪ್ರೊಸೆಸರ್, ಅಂದರೆ ಡಬ್ಬವಿಲ್ಲದೆ ಬಂದದ್ದು, ಸ್ವಲ್ಪ ಅಗ್ಗ. ಅದಕ್ಕೆ ವಾರಂಟಿ ಕೊಡುವುದು ಮಾರಿದವರೇ ಹೊರತು ತಯಾರಕರಲ್ಲ. ವಿದೇಶದಲ್ಲಿರುವ ಬಂಧುಗಳ ಕೈಯಲ್ಲಿ ಕಾರ್ಡ್ ತರಿಸುವುದಾದರೆ ಆ ಕಂಪನಿ ಭಾರತದಲ್ಲಿ ವಾರಂಟಿ ಕೊಡುತ್ತದೆಯೇ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಅಸೆಂಬಲ್ ಮಾಡಿಸುವುದಾದರೆ ದುಡ್ಡನ್ನು ಹೇಗೆ ಹಂಚಬೇಕು?

ಮಾನಿಟರ್ ಬಿಟ್ಟು ಟವರ್‌ಗೆ ಇಟ್ಟ ದುಡ್ಡಿನಲ್ಲಿ ನೂರಕ್ಕೆ 35ರಿಂದ 45 ಗ್ರಾಫಿಕ್ಸ್ ಕಾರ್ಡಿಗೆ. 1080ಪಿ, 1440ಪಿಯಲ್ಲಿ ಆಡುವವರಿಗೆ ಹೊಂದುವ ಒಂದು ಕೂಟ: ರೈಜೆನ್ 5 7600 ಪ್ರೊಸೆಸರ್, ಬಿ650 ಬೋರ್ಡ್, ಡಿಡಿಆರ್5-6000 ಸಿಎಲ್30 (6000 ಎಂದರೆ ವೇಗ, ಸಿಎಲ್ ಎಂದರೆ ಉತ್ತರಿಸಲು ಹಿಡಿಯುವ ತಡ) ರ‍್ಯಾಮ್ 16 ಜಿಬಿಯ ಎರಡು ಕಡ್ಡಿ, 1 ಟಿಬಿ ಎನ್‌ವಿಎಂಇ, ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5060 ಟಿಐ (ಎರಡರಲ್ಲೂ 16 ಜಿಬಿಯದು), 650 ವ್ಯಾಟ್ ಎಸ್‌ಎಂಪಿಎಸ್. 7600ರ ಬಾಕ್ಸಿನಲ್ಲಿ ಕೂಲರ್ ಬರುತ್ತದೆ, 7600ಎಕ್ಸ್‌ನಲ್ಲಿ ಬರುವುದಿಲ್ಲ. ರ‍್ಯಾಮ್ ತುಟ್ಟಿಯಾದ ಕಾಲದಲ್ಲಿ 8 ಜಿಬಿಯ ಎರಡು ಕಡ್ಡಿಯಿಂದ ಶುರು ಮಾಡಿದರೂ ನಡೆಯುತ್ತದೆ.

ಈ ಪ್ರೊಸೆಸರ್ ಮತ್ತು ಬೋರ್ಡಿನ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಸೂಚಿಸಲು ಕಾರಣವಿದೆ. ಎಎಂಡಿ ಅದನ್ನು 2022ರಲ್ಲಿ ತಂದಿತು, 2027ರವರೆಗೂ ಮುಂದುವರಿಸುವುದಾಗಿ ಹೇಳಿದೆ. ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಇಂಟೆಲ್‌ನ 12, 13, 14ನೇ ತಲೆಮಾರಿನ ಎಲ್‌ಜಿಎ1700 ಸಾಕೆಟ್‌ನ ದಾರಿ ಅಲ್ಲಿಗೇ ಮುಗಿದಿದೆ. ಅಗ್ಗಕ್ಕೆ ಸಿಕ್ಕರೆ ಮಾತ್ರ ಕೊಳ್ಳಿ.

8 ಜಿಬಿ ಕಾರ್ಡ್ ಸಾಕೇ ಎಂದರೆ, ವಾಲರಂಟ್, ಕೌಂಟರ್-ಸ್ಟ್ರೈಕ್ 2ನಂಥ ಇಸ್ಪೋರ್ಟ್ಸ್ (ಪೈಪೋಟಿಯ) ಗೇಮ್‌ಗಳಿಗೆ ಧಾರಾಳ ಸಾಕು. ಹೊಸ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್‌ಚರ್ (ಚಿತ್ರದ ಮೇಲ್ಮೈ ವಿವರ) ಏರಿಸಿದರೆ ಮೆಮೊರಿ ತುಂಬಿ, ಉಳಿದದ್ದು ಪಿಸಿಐಇ (ಕಾರ್ಡ್ ಮತ್ತು ಬೋರ್ಡ್ ನಡುವಿನ) ದಾರಿಯಲ್ಲಿ ಸಾಮಾನ್ಯ ರ‍್ಯಾಮ್‌ಗೆ ಹೋಗಿ ಬರುತ್ತದೆ. ಆಗ ಆಟ ತಡವರಿಸುತ್ತದೆ. ಆರ್‌ಟಿಎಕ್ಸ್ 5060, 5060 ಟಿಐ ಬಳಸುವುದು ಆ ದಾರಿಯ ಎಂಟೇ ಲೇನ್. ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ಹಾಕಿದರೆ ಈ ತಡವರಿಕೆ ಇನ್ನೂ ಹೆಚ್ಚು.

ಎಸ್‌ಎಂಪಿಎಸ್, ಯುಪಿಎಸ್, ಅರ್ಥಿಂಗ್ ಬಗ್ಗೆ ಏನು ನೋಡಬೇಕು?

ರೆಡಿಮೇಡ್ ಆಗಲಿ ಅಸೆಂಬಲ್ಡ್ ಆಗಲಿ, ನಮ್ಮ ಕಡೆ ಪಿಸಿ ಸಾಯುವುದು ಹೆಚ್ಚಾಗಿ ಕರೆಂಟಿನಿಂದ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇವೆ.

ಮೇಲಿನ ಕೂಟದ ಲೆಕ್ಕ ಹೀಗಿದೆ: ಪ್ರೊಸೆಸರ್ ಗರಿಷ್ಠ 88 ವ್ಯಾಟ್, ಆರ್‌ಟಿಎಕ್ಸ್ 5060 ಟಿಐ 180, ಬೋರ್ಡ್, ಫ್ಯಾನ್, ಡ್ರೈವ್ ಎಲ್ಲ ಸೇರಿ ಸುಮಾರು 60. ಒಟ್ಟು 330ರ ಆಸುಪಾಸು. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ಇನ್ನೂ ಹೆಚ್ಚು ಎಳೆಯುವುದರಿಂದ, ಮುಂದಿನ ಕಾರ್ಡಿಗೂ ಜಾಗ ಇರಲಿ ಎಂದು 650 ವ್ಯಾಟ್. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಗುರುತು ಎಷ್ಟು ಕರೆಂಟ್ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ, ಒಳಗಿನ ರಕ್ಷಣೆ ಹೇಗಿದೆ ಎಂಬುದನ್ನಲ್ಲ. ಜೊತೆಗೆ ವಾರಂಟಿ ಐದು ವರ್ಷಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ.

ಯುಪಿಎಸ್ ಮೇಲೆ ಬರೆದಿರುವುದು ವಿಎ, ವ್ಯಾಟ್ ಅಲ್ಲ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಆಟದ ಮಧ್ಯೆ ಕರೆಂಟ್ ಹೋದರೆ ಮಾನಿಟರ್ ಸೇರಿ ಅಷ್ಟು ಭಾರ ಅದು ಹೊರಲಾರದೆ ಪಿಸಿ ಅಲ್ಲೇ ಆರಿಹೋಗುತ್ತದೆ. 1000 ವಿಎ, 600 ವ್ಯಾಟ್‌ನದು ತೆಗೆದುಕೊಳ್ಳಿ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಗೆ ಹೊಂದಿಸಿ ಎಳೆಯುವ ಸರ್ಕ್ಯೂಟ್) ಇರುತ್ತದೆ. ಅಗ್ಗದ ಯುಪಿಎಸ್‌ನ ಚೌಕ ಅಲೆಗೆ ಅದು ಕೆಲವೊಮ್ಮೆ ಒಗ್ಗುವುದಿಲ್ಲ. ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ ಇದ್ದರೆ ಚಿಂತೆಯಿಲ್ಲ. ಮನೆಯ ಇನ್ವರ್ಟರ್‌ಗೇ ಜೋಡಿಸುವುದಾದರೆ ಅದನ್ನು ಯುಪಿಎಸ್ ಮೋಡ್‌ನಲ್ಲಿ ಇಡಿ. ಪೂರ್ತಿ ಭಾರದಲ್ಲಿ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆದುಕೊಳ್ಳುವುದು 12ರಿಂದ 17 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಬ್ಯಾಟರಿಗೆ ಬದಲಾಗಬೇಕು.

ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ, ಟೆಸ್ಟರ್ ಹಿಡಿದರೆ ಮಿಣುಕುತ್ತದೆ ಎಂದು ಬಹಳ ಜನ ಪಿಸಿಯನ್ನೇ ದೂರುತ್ತಾರೆ. ತಪ್ಪು ಸಾಮಾನ್ಯವಾಗಿ ಗೋಡೆಯ ಸಾಕೆಟ್‌ನದು. ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಗದ್ದಲ ಸೋಸಲು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಅರ್ಥ್‌ಗೆ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ವೈರ್ ಕೂಡಿಲ್ಲದಿದ್ದರೆ ಕ್ಯಾಬಿನೆಟ್ 230 ವೋಲ್ಟ್‌ನ ಅರ್ಧದಷ್ಟರಲ್ಲಿ ತೇಲುತ್ತದೆ. ಹರಿಯುವ ಕರೆಂಟ್ ಬಹಳ ಕಡಿಮೆ, ಆದರೂ ಎಚ್‌ಡಿಎಂಐ, ಯುಎಸ್‌ಬಿ ಪೋರ್ಟ್ ಸುಡಲು ಸಾಕು. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್–ಅರ್ಥ್ ನಡುವೆ ವೋಲ್ಟೇಜ್ ಅಳೆಸಿ. ಅದು ಫೇಸ್–ನ್ಯೂಟ್ರಲ್‌ನಷ್ಟೇ ಇರಬೇಕು.

ನಾವೇ ಜೋಡಿಸಬಹುದೇ?

ಬಹುದು. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು, ಮೊದಲ ಸಲಕ್ಕೆ ನಾಲ್ಕು ಗಂಟೆ ಬಿಡುವು ಇದ್ದರೆ ಆಯಿತು. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಯನ್ನು ಬೋರ್ಡ್ ಹೊರಗಿರುವಾಗಲೇ ಕೂರಿಸಿ, ಆಮೇಲೆ ಕೂಲರ್, ನಂತರ ಬೋರ್ಡನ್ನು ಕ್ಯಾಬಿನೆಟ್‌ಗೆ ಇಳಿಸಿ, ಎಸ್‌ಎಂಪಿಎಸ್ ಮತ್ತು ಕೇಬಲ್, ಕಟ್ಟಕಡೆಗೆ ಗ್ರಾಫಿಕ್ಸ್ ಕಾರ್ಡ್. ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕನೆಯದರಲ್ಲಿ ಹಾಕಿ.

ಎಡವುವುದು ಹೀಗೆ. ಎಎಂ5ರಲ್ಲೂ ಇಂಟೆಲ್‌ನಲ್ಲೂ ಪಿನ್‌ಗಳಿರುವುದು ಬೋರ್ಡಿನ ಸಾಕೆಟ್‌ನಲ್ಲಿ, ಕೂದಲಿನಷ್ಟು ಸಣ್ಣವು. ಪ್ರೊಸೆಸರ್ ಜಾರಿ ಬಿದ್ದರೆ ಬಾಗುತ್ತವೆ, ಬಾಗಿದರೆ ವಾರಂಟಿ ಸಿಗುವುದಿಲ್ಲ. ಪೆಟ್ಟಿಗೆ ತೆರೆದ ಕೂಡಲೇ ಸಾಕೆಟ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯುತ್ತಾರೆ. ಮಾಡ್ಯುಲರ್ (ಕೇಬಲ್ ಕಳಚಬಹುದಾದ) ಎಸ್‌ಎಂಪಿಎಸ್‌ಗೆ ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಹಾಕುತ್ತಾರೆ. ತುದಿ ಒಂದೇ ಥರ ಕಂಡರೂ ಒಳಗಿನ ವೈರಿನ ಕ್ರಮ ಬೇರೆ, ಡ್ರೈವ್ ಸುಟ್ಟುಹೋಗುತ್ತದೆ. 16 ಪಿನ್‌ನ ಹೊಸ ಕನೆಕ್ಟರ್ ಇರುವ ಕಾರ್ಡ್‌ಗಳಲ್ಲಿ ಅದು ಪೂರ್ತಿ ಒಳಗೆ ಹೋಗದಿದ್ದರೆ ಕಾದು ಕರಗುತ್ತದೆ. ಸಂದು ಕಾಣದವರೆಗೂ ಒತ್ತಿ.

ಎಲ್ಲ ಜೋಡಿಸಿದೆವು, ಪರದೆ ಬರುತ್ತಿಲ್ಲ. ಏನು ಮಾಡಬೇಕು?

ಮೊದಲು ಕಾಯಿರಿ. ಎಎಂ5 ಬೋರ್ಡ್‌ಗಳು ಮೊದಲ ಸಲ ರ‍್ಯಾಮ್‌ಗೆ ಹೊಂದಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಆಮೇಲೆ, ಮಾನಿಟರ್ ಕೇಬಲ್ ಬೋರ್ಡಿನ ಪೋರ್ಟ್‌ಗೆ ಹೋಗಿದೆಯೋ ಗ್ರಾಫಿಕ್ಸ್ ಕಾರ್ಡಿನದಕ್ಕೋ ನೋಡಿ, ಕಾರ್ಡಿಗೆ ಹೋಗಬೇಕು. ಬೋರ್ಡಿನ ಮೇಲೆಡ ಮೂಲೆಯ 8 ಪಿನ್ ಪ್ರೊಸೆಸರ್ ಪವರ್ ಹಾಕಿದ್ದೀರಾ? ರ‍್ಯಾಮ್ ಕಟ್ ಎಂದು ಸದ್ದು ಬರುವವರೆಗೂ ಕೂತಿದೆಯೇ? ಬಿ650 ಬೋರ್ಡಿಗೆ ರೈಜೆನ್ 9000 ಹಾಕಿದ್ದರೆ ಬಯೋಸ್ (ಪಿಸಿಯನ್ನು ಶುರುಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಹಳೆಯದಿರಬಹುದು. ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡಿನಲ್ಲಿ ಪೆನ್‌ಡ್ರೈವ್‌ನಿಂದಲೇ ಹೊಸದು ಹಾಕಬಹುದು. ಬಹುತೇಕ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್ ಎಂದು ನಾಲ್ಕು ಚಿಕ್ಕ ದೀಪಗಳಿವೆ. ಯಾವುದು ಹತ್ತಿ ನಿಂತಿದೆಯೋ ತೊಂದರೆ ಅಲ್ಲಿದೆ.

ಪಿಸಿ ಶುರುವಾದ ಮೇಲೆ ಏನನ್ನು ಬದಲಿಸಬೇಕು?

ರೆಡಿಮೇಡ್ ಕೊಂಡವರೂ ಇದನ್ನು ಮಾಡಿ. ಬಯೋಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ರ‍್ಯಾಮ್‌ನ ಪೂರ್ತಿ ವೇಗ ತೆರೆಯುವ ಸೆಟ್ಟಿಂಗ್) ಆನ್ ಮಾಡದಿದ್ದರೆ 6000ದ ರ‍್ಯಾಮ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತದೆ. ಅಲ್ಲೇ ರೀಸೈಜಬಲ್ ಬಾರ್ (ಗ್ರಾಫಿಕ್ಸ್ ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ ಸೆಟ್ಟಿಂಗ್) ಆನ್ ಇರಲಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್ 60 ಹರ್ಟ್ಸ್‌ನಲ್ಲೇ (ಸೆಕೆಂಡಿಗೆ 60 ಚಿತ್ರ) ಉಳಿದಿರಬಹುದು. 144ಕ್ಕೋ 180ಕ್ಕೋ ಏರಿಸಿ. ಬ್ಯಾಟಲ್‌ಫೀಲ್ಡ್ 6ನಂಥ ಗೇಮ್‌ಗಳಿಗೆ ಸೆಕ್ಯೂರ್ ಬೂಟ್ ಬೇಕು. ಅದನ್ನು ಆನ್ ಮಾಡುವ ಮೊದಲು ಡಿಸ್ಕ್‌ನ ವಿಭಾಗ ಪಟ್ಟಿ ಹೊಸ ಜಿಪಿಟಿ ಬಗೆಯದೇ ನೋಡಿ. ಹಳೆಯ ಎಂಬಿಆರ್ ಬಗೆಯದಿದ್ದರೆ ವಿಂಡೋಸ್ ತೆರೆಯುವುದಿಲ್ಲ.

ಬಿಸಿಲು, ಧೂಳು, ಉಪ್ಪುಗಾಳಿ?

ರಾಯಚೂರು, ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮುಂಭಾಗ ಜಾಲರಿ ಇರುವ ಕ್ಯಾಬಿನೆಟ್ ತೆಗೆದುಕೊಳ್ಳಿ, ಮುಂದೆ ಎರಡು ಫ್ಯಾನ್ ಒಳಗೆಳೆಯಲಿ, ಹಿಂದೆ ಒಂದು ಹೊರದೂಡಲಿ. ಮುಂದೆ ಪೂರ್ತಿ ಗಾಜಿರುವ ರೆಡಿಮೇಡ್ ಸೆಟ್‌ಗಳು ನೋಡಲು ಚೆಂದ, ಉಸಿರಾಡಲು ಕಷ್ಟ. ಫಿಲ್ಟರ್‌ಗಳನ್ನು ತಿಂಗಳಿಗೊಮ್ಮೆ ತೊಳೆದು ಒಣಗಿಸಿ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಆರಿಸಿಡಬೇಡಿ. ದಿನಕ್ಕೆ ಸ್ವಲ್ಪ ಹೊತ್ತು ಓಡಿದರೆ ಒಳಗೆ ತೇವ ಕೂರುವುದಿಲ್ಲ.

ಸೆಕೆಂಡ್‌ಹ್ಯಾಂಡ್?

ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಪರವಾಗಿಲ್ಲ: ಎದುರಿಗೇ ಅರ್ಧ ಗಂಟೆ ಗೇಮ್ ಓಡಿಸಿ ನೋಡಿ, ಬಿಲ್ ಇರಲಿ. ಎಸ್‌ಎಂಪಿಎಸ್ ಬೇಡ. ಇಂಟೆಲ್‌ನ 13, 14ನೇ ತಲೆಮಾರಿನ ಐ7, ಐ9 ಬಳಸಿದ್ದು ಕೊಳ್ಳುವಾಗ ಜಾಗ್ರತೆ. ಹೆಚ್ಚು ವೋಲ್ಟೇಜ್‌ನಿಂದ ಚಿಪ್ ಸವೆಯುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಬಯೋಸ್ ಮೂಲಕ ಸರಿಪಡಿಸಿತು. ಅದಕ್ಕೂ ಮೊದಲೇ ಸವೆದ ಚಿಪ್ ಮತ್ತೆ ಸರಿಹೋಗುವುದಿಲ್ಲ.

ಬೆಂಗಳೂರಿನಲ್ಲಿ ಜೋಡಿಸಿ ಊರಿಗೆ ಕಳಿಸುವುದು ಹೇಗೆ?

ಗ್ರಾಫಿಕ್ಸ್ ಕಾರ್ಡ್ ಕಳಚಿ ಅದರದೇ ಡಬ್ಬದಲ್ಲಿ ಬೇರೆಯಾಗಿ ಕಳಿಸಿ. ಬಸ್ ಪಾರ್ಸೆಲ್‌ನಲ್ಲಿ ಟವರ್ ಮಲಗುತ್ತದೋ ತಲೆಕೆಳಗಾಗುತ್ತದೋ ಹೇಳಲಾಗದು, ಒಂದು ಕಿಲೊ ತೂಗುವ ಕಾರ್ಡ್ ಸ್ಲಾಟ್ ಮುರಿಯುತ್ತದೆ. ದೊಡ್ಡ ಟವರ್ ಕೂಲರ್ ಇದ್ದರೆ ಅದನ್ನೂ ತೆಗೆಯಿರಿ. ಕ್ಯಾಬಿನೆಟ್ ಬಂದ ಥರ್ಮಾಕೋಲ್ ಪೆಟ್ಟಿಗೆಯನ್ನು ಎಸೆಯದೆ ಅದರಲ್ಲೇ ಪ್ಯಾಕ್ ಮಾಡಿ, ಗಾಜಿನ ಬಾಗಿಲನ್ನು ಬಟ್ಟೆ ಸುತ್ತಿ ಬೇರೆ ಇಡಿ. ಆನ್‌ಲೈನ್‌ನಲ್ಲಿ ರೆಡಿಮೇಡ್ ತರಿಸಿದವರು ಪೆಟ್ಟಿಗೆಯ ಟೇಪ್ ಕತ್ತರಿಸುವುದಕ್ಕೂ ಮೊದಲಿನಿಂದ ನಿಲ್ಲಿಸದೆ ವಿಡಿಯೊ ಮಾಡಿ, ಪ್ಲಗ್ ಹಾಕುವ ಮೊದಲು ಪಕ್ಕದ ಬಾಗಿಲು ತೆಗೆದು ಒಳಗೆ ತುಂಬಿದ ಫೋಮ್ ತೆಗೆಯಿರಿ, ಒಳಗಿನ ಪಾರ್ಟ್ಸ್‌ಗಳನ್ನು ಬಿಲ್ಲಿನ ಪಟ್ಟಿಯೊಂದಿಗೆ ತಾಳೆ ನೋಡಿ. ಪಟ್ಟಿಯಲ್ಲಿ ಇದ್ದದ್ದು ಒಳಗಿಲ್ಲದಿದ್ದರೆ ಅದೇ ದಿನ ಮಾರಿದವರಿಗೆ ಬರಹದಲ್ಲಿ ತಿಳಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಬಿಲ್, ವಿಡಿಯೊ, ಬರೆದ ಸಂದೇಶ ಮೂರೂ ಕೈಯಲ್ಲಿರಲಿ.